ಬಾಗಿಲಿನಿಂದ ಹನ್ನೊಂದು ಹೆಜ್ಜೆ

ನಿನ್ನಂತೆ ಉಸಿರಿನ ತೊಂದರೆ ಇರುವವರು ಓದಿ ಸ್ವಲ್ಪ ಧೈರ್ಯ ತಂದುಕೊಳ್ಳಲಿ, ಬರಿ ಅಪ್ಪಾ ಎಂದು ಮಗಳು ವಹಿ ತಂದುಕೊಟ್ಟು ಎರಡು ತಿಂಗಳಾಯಿತು. ನಾನು ಹೈಸ್ಕೂಲಿನವರೆಗೆ ಓದಿದವನು. ಬರೆಯಲು ಬರುವುದಿಲ್ಲ ಎಂದೇನಿಲ್ಲ. ಆದರೆ ಕಾಯಿಲೆಯ ಬಗ್ಗೆ ಬರೆಯಲು ಕುಳಿತಾಗಲೆಲ್ಲ ಗಾಡಿ ನಿಲ್ಲಿಸುವ ಒಂದು ಜಾಗ ಕಣ್ಣ ಮುಂದೆ ಬಂದು ಪೆನ್ನು ನಿಲ್ಲುತ್ತಿತ್ತು. ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

ಆ ಜಾಗ ಹಾನಗಲ್ಲಿನ ಒಂದು ಖಾಸಗಿ ದವಾಖಾನೆಯ ಮುಂದೆ ಇದೆ. ನೆಲದ ಮೇಲೆ ನೀಲಿ ಬಣ್ಣದಲ್ಲಿ ಗಾಲಿಕುರ್ಚಿಯ ಚಿತ್ರ, ಗೋಡೆಯ ಮೇಲೆ ‘ಅಂಗವಿಕಲರ ವಾಹನಕ್ಕೆ ಮಾತ್ರ’ ಎಂಬ ಫಲಕ. ಒಂದು ಕಾರು ನಿಲ್ಲುವಷ್ಟು ಜಾಗ. ಅಲ್ಲಿಂದ ಬಾಗಿಲಿಗೆ ಹನ್ನೊಂದು ಹೆಜ್ಜೆ. ಉಳಿದ ಗಾಡಿಗಳೆಲ್ಲ ಆಚೆ ಬೇವಿನ ಗಿಡದ ಕೆಳಗೆ ನಿಲ್ಲಬೇಕು. ಅಲ್ಲಿಂದ ಎಪ್ಪತ್ತನಾಲ್ಕು ಹೆಜ್ಜೆ. ಆ ದವಾಖಾನೆಯಲ್ಲಿ ನಾನು ಒಂಬತ್ತು ವರ್ಷ ಕಾವಲುಗಾರನಾಗಿದ್ದೆ. ಒಂದು ದಿನವೂ ಆ ಹೆಜ್ಜೆಗಳನ್ನು ಎಣಿಸಿರಲಿಲ್ಲ. ಈಗ ಎಣಿಸುತ್ತೇನೆ. ಮೂವತ್ತು ದಾಟುವ ಮೊದಲೇ ನನಗೆ ದಮ್ಮು ಹತ್ತುತ್ತದೆ.

ಕಾವಲಿಗೆ ಸೇರುವ ಮೊದಲು ಇಪ್ಪತ್ತೆಂಟು ವರ್ಷ ತಿಳವಳ್ಳಿ ಕಡೆಯ ಒಂದು ಅಕ್ಕಿ ಗಿರಣಿಯಲ್ಲಿ ದುಡಿದೆ. ವಯಸ್ಸಾಯಿತು, ಚೀಲ ಎತ್ತಲು ಆಗುವುದಿಲ್ಲ ಎಂದಾಗ ಗಿರಣಿಯ ಧಣಿಯೇ ದವಾಖಾನೆಯವರಿಗೆ ಒಂದು ಮಾತು ಹೇಳಿ ಈ ಕೆಲಸ ಕೊಡಿಸಿದರು. ಸಮವಸ್ತ್ರ, ಟೊಪ್ಪಿಗೆ, ಸೀಟಿ. ಕುಳಿತುಕೊಳ್ಳಲು ಒಂದು ಸ್ಟೂಲು. ಗಿರಣಿಯಲ್ಲಿ ಹೊಟ್ಟಿನ ಧೂಳಿನಲ್ಲಿ ಮುಖವೇ ಕಾಣದಂತೆ ಇದ್ದವನಿಗೆ ಈಗ ಹತ್ತು ಜನ ದಾರಿ ಕೇಳುತ್ತಿದ್ದರು. ಅದು ನನ್ನ ತಲೆಗೆ ಏರಿತ್ತು.

ನೀಲಿ ಚಿತ್ರದ ಜಾಗ ಯಾವಾಗಲೂ ಖಾಲಿ ಇರುತ್ತಿತ್ತು. ನಮ್ಮ ಕಡೆ ನಡೆಯಲು ಬಾರದವರನ್ನು ಆಟೋದಲ್ಲಿ ತಂದು ಬಾಗಿಲಿಗೇ ಇಳಿಸಿ ಎತ್ತಿಕೊಂಡು ಒಳಗೆ ಹೋಗುತ್ತಾರೆ. ಗಾಲಿಕುರ್ಚಿಯವರು ತಾವೇ ಗಾಡಿ ಹೊಡೆದುಕೊಂಡು ಬಂದದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಚಿತ್ರದಲ್ಲಿರುವಂಥವರು ಬರುವುದೇ ಇಲ್ಲ, ಜಾಗ ಸುಮ್ಮನೆ ಹಾಳಾಗುತ್ತದೆ ಎಂದುಕೊಂಡೆ. ಪ್ರತಿ ಗುರುವಾರ ಧಣಿ ಸಕ್ಕರೆ ಕಾಯಿಲೆಯ ತಪಾಸಣೆಗೆ ಬರುತ್ತಿದ್ದರು. ಅಂದು ಬೆಳಿಗ್ಗೆಯೇ ನಾನು ಸ್ಟೂಲನ್ನು ಆ ಜಾಗದ ನಡುವೆ ಇಡುತ್ತಿದ್ದೆ. ಅವರ ಕಾರು ಕಂಡೊಡನೆ ಸ್ಟೂಲು ತೆಗೆದು ಸೀಟಿ ಊದುತ್ತಿದ್ದೆ. “ಏನಪಾ ಫಕ್ಕೀರಾ, ಆರಾಮದಿಯಾ?” ಎಂದು ಅವರು ಕಾರಿನ ಕೀಲಿಯನ್ನು ನನ್ನ ಕೈಗೆ ಕೊಟ್ಟು ಮೆಟ್ಟಿಲು ಹತ್ತಿ ಹೋಗುತ್ತಿದ್ದರು. ಆ ಕೀಲಿ ಬೆರಳಿಗೆ ಸಿಕ್ಕಿಸಿಕೊಂಡು ಕುಳಿತರೆ ಕಾರು ನನ್ನದೇ ಅನ್ನಿಸುತ್ತಿತ್ತು.

ಬೇರೆಯವರು ಯಾರಾದರೂ ಅಲ್ಲಿ ನಿಲ್ಲಿಸಲು ಬಂದರೆ ನನ್ನದೊಂದು ಪರೀಕ್ಷೆ ಇತ್ತು. “ನಡದು ತೋರಸ್ರಿ” ಎನ್ನುತ್ತಿದ್ದೆ. ಕುಂಟಿದರೆ ಜಾಗ, ಇಲ್ಲದಿದ್ದರೆ ಬೇವಿನ ಗಿಡ. ನನ್ನ ಮಟ್ಟಿಗೆ ಅದು ಬಹಳ ನ್ಯಾಯದ ಪರೀಕ್ಷೆಯಾಗಿತ್ತು.

ಒಂದು ಗುರುವಾರ ಬೆಳಿಗ್ಗೆ ಒಬ್ಬ ಹೆಣ್ಣುಮಗಳು ಸ್ಕೂಟರ್ ತಂದು ನನ್ನ ಸ್ಟೂಲಿನ ಪಕ್ಕ ನಿಲ್ಲಿಸಿದರು. ವಯಸ್ಸು ಮೂವತ್ತೈದರ ಆಸುಪಾಸು. ಶಿಗ್ಗಾವಿ ಕಡೆಯವರು, ಆಡೂರಿನ ಶಾಲೆಯಲ್ಲಿ ಕಲಿಸುತ್ತಾರೆ, ಹಾನಗಲ್ಲಿನಲ್ಲಿ ತಾಯಿಯೊಂದಿಗೆ ಮನೆ ಮಾಡಿಕೊಂಡಿದ್ದಾರೆ ಎಂದು ಆಮೇಲೆ ತಿಳಿಯಿತು. ಅಂದು ಅವರ ಬ್ಯಾಗಿನಿಂದ ಇಣುಕುತ್ತಿದ್ದ ಪಟ್ಟಿಪುಸ್ತಕಗಳನ್ನು ಕಂಡು ಯಾವುದೋ ಶಾಲೆಯ ಅಕ್ಕೋರು ಎಂದಷ್ಟೇ ಗುರುತಿಸಿದೆ.

“ಅಕ್ಕೋರ, ಇದು ಕುಂಟರ ಜಾಗಾರಿ. ಗಿಡದ ಕೆಳಗ ಹಚ್ರಿ.”

“ನನಗೂ ತ್ರಾಸ ಐತ್ರಿ. ಸ್ನಾಯುದ್ದು.”

“ಕಾಲು ನೆಟ್ಟಗದಾವಲ್ರಿ?”

“ನೆಟ್ಟಗ ಅದಾವ್ರಿ. ಬಲಾ ನಿಲ್ಲೂದಿಲ್ಲ.”

“ಹಂಗಾರ ನಡದು ತೋರಸ್ರಿ.”

ಹೊರಗಿನ ಬೆಂಚಿನ ಮೇಲೆ ಏಳೆಂಟು ಜನ ಕುಳಿತಿದ್ದರು. ಎಲ್ಲರೂ ಈ ಕಡೆ ತಿರುಗಿದರು. ಅಕ್ಕೋರು ನನ್ನ ಮುಖವನ್ನು ಒಮ್ಮೆ ನೋಡಿ, ಬ್ಯಾಗನ್ನು ಸ್ಕೂಟರ್ ಮೇಲೆ ಇಟ್ಟು ಗೇಟಿನವರೆಗೆ ಹೋಗಿ ಬಂದರು. ಚೆನ್ನಾಗಿಯೇ ನಡೆದರು.

“ಭಾಳ ಛಲೋ ಆತು! ನನಗಿಂತ ನೆಟ್ಟಗ ನಡೀತೀರಿ” ಎಂದೆ. ಬೆಂಚಿನವರು ನಕ್ಕರು. ಅವರು ನಕ್ಕದ್ದಕ್ಕೆ ನನಗೆ ಇನ್ನಷ್ಟು ಹುರುಪು ಬಂತು.

“ಬರೂ ಮುಂದ ನಡೀಬಹುದ್ರಿ, ಹೋಗೂ ಮುಂದ ಆಗೂದಿಲ್ಲ” ಎಂದರು ಅಕ್ಕೋರು. ಬರುವಾಗ ಆಗುವ ನಡಿಗೆ ಹೋಗುವಾಗ ಆಗದು ಎಂಬುದು ನನಗೆ ನೆಪದಂತೆ ಕೇಳಿಸಿತು. ಅಷ್ಟರಲ್ಲಿ ಧಣಿಯ ಕಾರು ಬಂತು. ಸ್ಟೂಲು ತೆಗೆದೆ. ಅಕ್ಕೋರು ಸ್ಕೂಟರ್ ತಿರುಗಿಸಿಕೊಂಡು ಗಿಡದ ಕಡೆ ಹೋದರು.

ಮಧ್ಯಾಹ್ನ ಅವರು ಹೊರಗೆ ಬಂದಾಗ ಬೆಳಿಗ್ಗೆಯ ನಡಿಗೆ ಇರಲಿಲ್ಲ. ಗಿಡದ ದಾರಿಯಲ್ಲಿರುವ ನೀರಿನ ನಳದ ಹತ್ತಿರ ಹೋಗುವಷ್ಟರಲ್ಲಿ ಮೊಣಕಾಲು ಮಡಚಿಕೊಂಡು ಬಿಸಿಲಿನಲ್ಲಿ ನೆಲಕ್ಕೆ ಕುಸಿದು ಕುಳಿತರು. ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿ ಧಣಿಯ ಕೀಲಿ ಬೆರಳಲ್ಲಿ ತಿರುಗಿಸುತ್ತ ಕುಳಿತಿದ್ದೆ. ಕಂಡಿತು. ಮುಖವನ್ನು ಗೇಟಿನ ಕಡೆ ತಿರುಗಿಸಿಕೊಂಡೆ. ಅವರು ಎಷ್ಟು ಹೊತ್ತು ಹಾಗೆ ಕುಳಿತಿದ್ದರೋ, ಏನು ಹಿಡಿದುಕೊಂಡು ಎದ್ದರೋ ನನಗೆ ಗೊತ್ತಿಲ್ಲ. ಮತ್ತೆ ತಿರುಗಿ ನೋಡಿದಾಗ ನಳದ ಹತ್ತಿರ ಯಾರೂ ಇರಲಿಲ್ಲ.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಹೆಂಡತಿ ನೀಲವ್ವನಿಗೂ ಹೇಳಲಿಲ್ಲ.

ಇನ್ನು ಕಾಯಿಲೆ. ಮೊದಲು ಗಮನಿಸಿದವಳು ನೀಲವ್ವನೇ. “ಮಾತಿನ ನಡುವ ಯಾಕ ನಿಲ್ಲತೀರಿ? ಸುಳ್ಳು ಹೇಳಾವ್ರ ಗತೆ” ಎಂದಳು ಒಂದು ದಿನ. ನಿಜ, ಒಂದು ವಾಕ್ಯ ಮುಗಿಸುವ ಮೊದಲು ಉಸಿರು ಎಳೆದುಕೊಳ್ಳುತ್ತಿದ್ದೆ. ಒಣ ಕೆಮ್ಮು ಇತ್ತು. ಬಿಂದಿಗೆ ನೀರು ಎತ್ತಿದರೆ ಎದೆಯಲ್ಲಿ ಯಾರೋ ಹಗ್ಗ ಬಿಗಿದಂತೆ. ವಯಸ್ಸು ಎಂದೆ. ಧೂಳು ಎಂದೆ. ಕಷಾಯ ಕುಡಿದೆ. ಒಂದು ದಿನ ಗೇಟು ಎಳೆಯುತ್ತ ಅಲ್ಲೇ ಕುಳಿತುಬಿಟ್ಟ ಮೇಲೆ ಅಳಿಯ ಮಂಜಪ್ಪ ನನ್ನನ್ನೂ ನೀಲವ್ವನನ್ನೂ ಹುಬ್ಬಳ್ಳಿಗೆ ಕರೆದುಕೊಂಡು ಹೋದ.

ಮಂಜಪ್ಪ ಸವಣೂರಿನವನು, ಎಲೆ ವ್ಯಾಪಾರ. ಅವನ ಹಳೆಯ ಓಮ್ನಿಯಲ್ಲಿ ಹಿಂದಿನ ಸೀಟು ತೆಗೆದು ವೀಳ್ಯದೆಲೆಯ ಪೆಂಡಿಗಳನ್ನು ತುಂಬುತ್ತಾನೆ. ಮೇಲೆ ಒದ್ದೆ ಗೋಣಿತಟ್ಟು ಹೊದಿಸುತ್ತಾನೆ. ನಾನು ಆ ಗಾಡಿಯಲ್ಲಿ ಎಷ್ಟು ದವಾಖಾನೆ ತಿರುಗಿದ್ದೇನೋ ಲೆಕ್ಕವಿಲ್ಲ. ಎಲೆಯ ಆ ತಂಪು ವಾಸನೆ ನನಗೆ ಔಷಧಕ್ಕಿಂತ ಮೊದಲು ಸಿಕ್ಕ ಔಷಧ. ಇಂದಿಗೂ ಎದೆ ಬಿಗಿದಾಗ ಕಣ್ಣು ಮುಚ್ಚಿ ಆ ಗಾಡಿಯನ್ನು ನೆನೆಸಿಕೊಳ್ಳುತ್ತೇನೆ.

ಹುಬ್ಬಳ್ಳಿಯ ದವಾಖಾನೆಯಲ್ಲಿ ಕಾಯುವ ಕೋಣೆ ನಮ್ಮ ಬಸ್ ನಿಲ್ದಾಣಕ್ಕಿಂತ ದೊಡ್ಡದು. ಪಕ್ಕದಲ್ಲಿ ರಟ್ಟೀಹಳ್ಳಿಯ ಒಬ್ಬ ಅಜ್ಜಿ ಕುಳಿತಿದ್ದರು. ನೀಲವ್ವ ಅಳುವುದನ್ನು ಕಂಡು ಆಕೆ ಏನೂ ಕೇಳಲಿಲ್ಲ. ಗಂಟು ಬಿಚ್ಚಿ ಅರ್ಧ ರೊಟ್ಟಿ ಮುರಿದು ಕೈಗೆ ಕೊಟ್ಟರು. “ಇಲ್ಲಿ ಅಳಾಕೂ ಪಾಳಿ ಐತವ್ವಾ, ಮೊದಲ ಉಣ್ಣು” ಎಂದರು. ನೀಲವ್ವ ಅಳುತ್ತಲೇ ನಕ್ಕಳು, ನಗುತ್ತಲೇ ರೊಟ್ಟಿ ತಿಂದಳು.

ಕೊಳವೆಯಲ್ಲಿ ಊದುವ ಪರೀಕ್ಷೆಯಲ್ಲಿ ನರ್ಸಮ್ಮ ಕುಸ್ತಿ ಕಣದಲ್ಲಿ ಕೂಗುವವರಂತೆ “ಊದ್ರಿ, ಊದ್ರಿ, ಇನ್ನಾ ಊದ್ರಿ” ಎನ್ನುತ್ತಿದ್ದಳು. ನಾನು ಸೋತೆ. ಡಾಕ್ಟರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು, ಶ್ವಾಸಕೋಶ ಗಟ್ಟಿಯಾಗುತ್ತ ಬಂದಿದೆ, ಹಿಂದಿನಂತೆ ಮೆತ್ತಗಾಗುವುದಿಲ್ಲ, ಆದರೆ ಗಟ್ಟಿಯಾಗುವ ವೇಗವನ್ನು ತಗ್ಗಿಸಬಹುದು ಎಂದರು. ಗಿರಣಿಯ ಧೂಳಿನಿಂದಲೋ ಎಂದು ಕೇಳಿದೆ. ಇರಬಹುದು, ಇಲ್ಲದೆಯೂ ಇರಬಹುದು ಎಂದರು. ನೀಲವ್ವ ನೇರವಾಗಿ ಕೇಳಿಯೇಬಿಟ್ಟಳು, “ಹಂಗಾರ ಇವ್ರು ಹೋಗ್ತಾರೇನ್ರಿ?”

“ಎಲ್ಲಾರೂ ಹೋಗಾವ್ರ ಅಮ್ಮಾ. ಇವ್ರನ್ನ ಇಷ್ಟ ಲಗೂ ಕಳಸಬ್ಯಾಡ್ರಿ.”

ಆ ಮಾತಿನ ಮೇಲೆ ನಾವು ಮೂರು ವರ್ಷ ದಾಟಿದ್ದೇವೆ.

ಈ ಕಾಯಿಲೆಯ ವಿಚಿತ್ರ ಏನೆಂದರೆ, ಕುಳಿತಾಗ ನಾನು ಆರೋಗ್ಯವಂತ. ಮುಖದಲ್ಲಿ ಕಳೆ ಇದೆ, ಕೈಕಾಲು ಗಟ್ಟಿ ಇವೆ. ಮೊದಲ ಇಪ್ಪತ್ತು ಹೆಜ್ಜೆ ಯಾರಿಗೂ ಕಡಿಮೆಯಿಲ್ಲದಂತೆ ಇಡುತ್ತೇನೆ. ಆಮೇಲೆ ಒಳಗೆ ಗಾಳಿ ಮುಗಿಯುತ್ತದೆ. ದಡಕ್ಕೆ ಹಾಕಿದ ಮೀನಿನಂತೆ ಬಾಯಿ ತೆರೆಯುತ್ತೇನೆ. ಹೊರಗೆ ಹೋಗುವಾಗ ಸಣ್ಣ ಆಮ್ಲಜನಕದ ಸಿಲಿಂಡರ್ ಬೇಕು. ಅದನ್ನು ಹೆಗಲಿಗೆ ಹಾಕಿಕೊಳ್ಳುವವಳು ನೀಲವ್ವ.

ಓಮ್ನಿಯನ್ನು ಬಾಗಿಲ ಹತ್ತಿರ ನಿಲ್ಲಿಸಲು ಅಂಗವಿಕಲರ ಕಾರ್ಡ್ ಮಾಡಿಸೋಣ ಎಂದು ಮಂಜಪ್ಪ ಹಾವೇರಿಗೆ ಕರೆದೊಯ್ದ. ಕಾಗದಪತ್ರ ನೋಡುವವನು ತಲೆ ಎತ್ತದೆ ಹೇಳಿದ, “ಎದ್ದು ನಿಲ್ರಿ ಯಜಮಾನ್ರ. ಸ್ವಲ್ಪ ನಡದು ತೋರಸ್ರಿ.”

ಕೋಣೆ ಸಣ್ಣದು. ಗೋಡೆಯವರೆಗೆ ಒಂಬತ್ತು ಹೆಜ್ಜೆ. ಹೋಗಿ ಬಂದೆ. ಕಾಲುಗಳು ನನ್ನ ಮಾತು ಕೇಳದೆ ಚೆನ್ನಾಗಿಯೇ ನಡೆದವು. ಕುಂಟಬಾರದೇ ಎಂದು ಒಂದು ಕ್ಷಣ ಅನ್ನಿಸಿತು, ಬರೆಯಲು ನಾಚಿಕೆಯಾಗುತ್ತದೆ.

“ಛಲೋ ನಡೀತೀರಿ” ಎಂದ ಅವನು. ಆಮೇಲೆ ಪಟ್ಟಿ ತಿರುವಿ, “ನಿಮ್ಮ ಕಾಯಿಲೆ ಇದರಾಗ ಇಲ್ರಿ. ಕಾಲಿಂದು ಐತಿ, ಕಣ್ಣಿಂದು ಐತಿ, ನರದ್ದು ಐತಿ. ಪುಪ್ಪುಸದ್ದು ಇಲ್ಲ. ನನ್ನ ಕೈಯಾಗ ಏನೂ ಇಲ್ರಿ” ಎಂದ. ಅವನ ದನಿಯಲ್ಲಿ ಸೊಕ್ಕಿರಲಿಲ್ಲ. ನನ್ನ ದನಿಯಲ್ಲಿ ಇತ್ತು, ಅಂದು ಅಕ್ಕೋರ ಮುಂದೆ.

ಮರಳಿ ಬರುವಾಗ ಮಂಜಪ್ಪ ಸರ್ಕಾರವನ್ನು ಬೈಯುತ್ತಿದ್ದ. ನನಗೆ ನಳದ ಹತ್ತಿರ ಬಿಸಿಲಿನಲ್ಲಿ ಕುಳಿತ ಅಕ್ಕೋರು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಆ ವಾರವೇ ಧಣಿ ನನ್ನನ್ನು ನೋಡಲು ಮನೆಗೆ ಬಂದರು. ಹಣ್ಣು ತಂದಿದ್ದರು, ಮಂಚದ ಹತ್ತಿರ ಕುಳಿತರು. ಕೆಟ್ಟ ಮನುಷ್ಯರಲ್ಲ ಅವರು. ನಾನು ಹೇಳಿದೆ, “ಧಣ್ಯಾರ, ದವಾಖಾನಿ ಮುಂದ ಆ ಜಾಗಾ ನಿಮಗಂತ ಹಿಡಿದಿಡತಿದ್ನಿ. ಅದು ತಪ್ಪಾತ್ರಿ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ನಾ ಕೇಳಿದ್ದಿಲ್ಲಲ್ಲೋ ಫಕ್ಕೀರಾ.”

ನಿಜ. ಅವರು ಒಮ್ಮೆಯೂ ಕೇಳಿರಲಿಲ್ಲ. ಗಿಡದ ಕೆಳಗೆ ನಿಲ್ಲಿಸಿ ಎಂದಿದ್ದರೆ ಅವರು ನಿಲ್ಲಿಸುತ್ತಿದ್ದರೋ ಏನೋ, ನಾನು ಹೇಳಿ ನೋಡಿರಲಿಲ್ಲ. ಇಷ್ಟು ದಿನ ಅರ್ಧ ತಪ್ಪನ್ನು ಅವರ ಹೆಗಲಿಗೆ ಹಾಕಿ ಮಲಗುತ್ತಿದ್ದೆ. ಅದೂ ನನಗೇ ಮರಳಿ ಬಂತು.

ಹಾನಗಲ್ಲಿನ ಅದೇ ದವಾಖಾನೆಗೆ ತಿಂಗಳ ಎರಡನೇ ಗುರುವಾರ ಹುಬ್ಬಳ್ಳಿಯಿಂದ ದೊಡ್ಡ ಡಾಕ್ಟರುಗಳು ಬರುತ್ತಾರೆ. ಉಸಿರಿನವರು, ನರದವರು ಇಬ್ಬರೂ ಅದೇ ದಿನ. ಹುಬ್ಬಳ್ಳಿಗೆ ಓಡಾಡುವುದು ತಪ್ಪಲಿ ಎಂದು ಈಚೆಗೆ ಅಲ್ಲಿಯೇ ತೋರಿಸಿಕೊಳ್ಳತೊಡಗಿದೆ. ಮೊದಲ ಸಲ ಹೋದ ದಿನ ನೀಲಿ ಜಾಗ ಖಾಲಿ ಇತ್ತು. ಮಂಜಪ್ಪ ಓಮ್ನಿಯನ್ನು ಸೀದಾ ಅಲ್ಲಿಗೇ ತಂದ. ಕಾವಲುಗಾರ ಹನುಮಂತಪ್ಪ ಸೀಟಿ ಊದುತ್ತ ಬಂದ. ಕಾಯಿಲೆಯಿಂದ ನಾನು ಕೆಲಸ ಬಿಡುವಾಗ ನನ್ನ ಬದಲಿಗೆ ಸೇರಿದವನು. ಕೆಲಸವನ್ನು ಅವನಿಗೆ ನಾನೇ ಎಂಟು ದಿನ ನಿಂತು ಕಲಿಸಿದ್ದೆ.

“ಯಾರಿಗೆ ಆರಾಮಿಲ್ರಿ? ಕಾರ್ಡ್ ಐತೇನ್ರಿ? ಇಲ್ಲಂದ್ರ ಕೆಳಗಿಳಿದು ನಡದು ತೋರಸ್ರಿ.”

ನನ್ನ ಮಾತು, ನನ್ನದೇ ಧಾಟಿಯಲ್ಲಿ. ನಾನು ಕಿಟಕಿಯಿಂದ ಮುಖ ಹೊರಗೆ ಹಾಕಿದೆ.

“ಅಯ್ಯ, ಫಕ್ಕೀರಪ್ಪಣ್ಣಾ! ನೀವನ್ರಿ? ನಿಮಗ ಯಾವ ಕಾರ್ಡ್? ಹಚ್ರಿ, ಹಚ್ರಿ. ನಿಮ್ಮ ಜಾಗಾನ ಇದು.”

ಧಣಿಗೆ ನಾನು ಕೊಟ್ಟದ್ದೂ ಹೀಗೆಯೇ. ಗುರುತಿದ್ದವರಿಗೆ ಜಾಗ, ಇಲ್ಲದವರಿಗೆ ಪರೀಕ್ಷೆ. “ಬ್ಯಾಡ ಮಂಜಪ್ಪಾ, ಗಿಡದ ಕೆಳಗ ಹಚ್ಚು” ಎಂದೆ.

“ಮಾವಾರ, ಅಲ್ಲಿಂದ ನಿಮಗ ಆಗೂದಿಲ್ರಿ.”

“ಹಚ್ಚು.”

ಎಪ್ಪತ್ತನಾಲ್ಕು ಹೆಜ್ಜೆ. ಇಪ್ಪತ್ತೆಂಟಕ್ಕೆ ನಿಂತೆ. ನಳದ ಹತ್ತಿರ ನಿಂತೆ, ಅಲ್ಲಿ ಬಹಳ ಹೊತ್ತು ನಿಂತೆ. ನೀಲವ್ವನಿಗೆ ಸಿಟ್ಟು ಬಂತು. “ನೀವು ಯಾವ ಹರಕಿ ತೀರಸಾಕತ್ತೀರಿ? ನಿಮ್ಮ ಹರಕಿಗೆ ಸಿಲಿಂಡರ್ ನಾ ಹೊರಬೇಕೇನು?” ಎಂದಳು. ಸಿಕ್ಕಿದ್ದು ಆ ಬೈಗಳಷ್ಟೇ. ಯಾರಿಗೂ ಅದರಿಂದ ಒಳ್ಳೆಯದಾಗಲಿಲ್ಲ. ತಪ್ಪು ಮಾಡಿದವನು ತನ್ನ ಮೈ ದಂಡಿಸಿಕೊಂಡರೆ ತಪ್ಪು ಸಣ್ಣದಾಗುವುದಿಲ್ಲ ಎಂದು ತಿಳಿಯಲು ನನಗೆ ಎಪ್ಪತ್ತನಾಲ್ಕು ಹೆಜ್ಜೆ ಬೇಕಾಯಿತು.

ಒಳಗೆ ಕುಳಿತು ಉಸಿರು ಹದಕ್ಕೆ ಬರುವ ಹೊತ್ತಿಗೆ ಅಕ್ಕೋರು ಬಂದರು. ಎದುರಿನ ಕುರ್ಚಿಯಲ್ಲಿ ಕುಳಿತರು. ಕೊರಳಲ್ಲಿ ದಾರಕ್ಕೆ ಕಟ್ಟಿದ ಒಂದು ಕಾರ್ಡ್. ಅದೇ ಬ್ಯಾಗು. ಎದ್ದು ಹೋಗಿಬಿಡಬೇಕು ಅನ್ನಿಸಿತು, ಏಳಲು ಉಸಿರಿರಲಿಲ್ಲ.

“ಅಕ್ಕೋರ, ಗುರ್ತು ಸಿಕ್ತೇನ್ರಿ?”

ನನ್ನ ಮೂಗಿನಲ್ಲಿದ್ದ ಆಮ್ಲಜನಕದ ಕೊಳವೆಯಿಂದಾಗಿ ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. “ಗೇಟಿನ ಫಕ್ಕೀರಪ್ಪನವ್ರಲ್ರಿ? ಏನಾತ್ರಿ ಇದು?”

ಹೇಳಿದೆ. ಕೇಳಿಕೊಂಡರು. ಆಮೇಲೆ ನಾನು, “ಅವತ್ತು ನಿಮಗ ನಡದು ತೋರಸ್ರಿ ಅಂದ್ನಿ. ನಾಲ್ಕು ಮಂದಿ ಮುಂದ ನಗಿಸಿದ್ನಿ. ತಪ್ಪಾತ್ರಿ” ಎಂದೆ.

“ಬಿಡ್ರಿ. ನನ್ನ ನೋಡಿದ್ರ ಯಾರಿಗೂ ಗೊತ್ತಾಗೂದಿಲ್ಲ. ನಮ್ಮ ಹೆಡ್ ಮಾಸ್ತರಿಗೇ ಇನ್ನಾ ತಿಳದಿಲ್ಲ” ಎಂದು ನಕ್ಕರು. “ಅವತ್ತು ನಾ ನಳದ ಹಂತ್ಯಾಕ ಕುಂತಬಿಟ್ಟೆ. ನಮ್ಮವ್ವ ಭಾಳ ಬೈದ್ಲು ನಿಮಗ. ನಾ ಅಂದೆ, ಇಲ್ಲವ್ವಾ, ಅವ್ರ ಮಾರಿ ಗೇಟಿನ ಕಡೆ ಇತ್ತು. ನೋಡಿದ್ರ ಬಂದು ಎಬ್ಬಸ್ತಿದ್ರು ಅಂತ.”

“ಹೌದವಾ” ಎಂದಳು ಪಕ್ಕದಲ್ಲಿದ್ದ ನೀಲವ್ವ. “ಬಾಯಿ ಜೋರು ಅಷ್ಟ. ಇವ್ರು ಅಂಥಾವ್ರಲ್ಲ.”

ಸುಮ್ಮನಿದ್ದರೆ ಮುಗಿಯುತ್ತಿತ್ತು. ಅವರು ಇಷ್ಟು ವರ್ಷ ನನ್ನ ಬಗ್ಗೆ ಒಳ್ಳೆಯದನ್ನೇ ನಂಬಿಕೊಂಡಿದ್ದರು. ಹೆಂಡತಿ ಸಾಕ್ಷಿ ಹೇಳಿದ್ದಳು. ನಾನು ಬಾಯಿ ಮುಚ್ಚಿಕೊಂಡು ಕೈ ಮುಗಿದರೆ ಸಾಕಿತ್ತು.

“ನೋಡಿದ್ನಿರಿ” ಎಂದೆ.

ಅಕ್ಕೋರು ನನ್ನನ್ನೇ ನೋಡಿದರು. ಅವರ ಒಂದು ಕಣ್ಣಿನ ರೆಪ್ಪೆ ಇಳಿದಿತ್ತು, ಅದು ಅವರ ಕಾಯಿಲೆ.

“ಕುಂತದ್ದು ನೋಡಿದ್ರಿ?”

“ನೋಡಿ ಮಾರಿ ತಿರುವಿದ್ನಿ.”

“ಯಾಕ್ರಿ?”

“ಬಂದು ಎಬ್ಬಿಸಿದ್ರ, ಮುಂಜಾನೆ ನಕ್ಕ ಮಂದಿ ಮುಂದ ನಾ ಸುಳ್ಳಾಗತಿದ್ನಿ. ಅದಕ್ಕ.”

ಅಷ್ಟರಲ್ಲಿ ಅವರ ಪಾಳಿ ಕೂಗಿದರು. ಅವರು ಬ್ಯಾಗು ತೆಗೆದುಕೊಂಡು ಎದ್ದು ಒಳಗೆ ಹೋದರು. ನೀಲವ್ವ ನನ್ನ ಕಡೆ ತಿರುಗಿದಳು. “ನಲವತ್ತು ವರ್ಷ ಸಂಸಾರ ಮಾಡೇನಿ. ಇದನ್ನ ಹೇಳಿದ್ದಿಲ್ಲ ನೀವು” ಎಂದಳು. ಆಮೇಲೆ ನನ್ನ ತುಟಿ ನೀಲಿಗಟ್ಟಿದ್ದನ್ನು ಕಂಡು ಸಿಲಿಂಡರಿನ ತಿರುಪನ್ನು ಒಂದು ಗೆರೆ ಹೆಚ್ಚಿಸಿದಳು. ಈ ಕಾಯಿಲೆಯಲ್ಲಿ ನನಗೆ ಸಿಕ್ಕ ಕರುಣೆಗಳಲ್ಲಿ ಅದನ್ನು ನಾನು ಮೊದಲು ಬರೆದುಕೊಂಡಿದ್ದೇನೆ.

ಆ ಜಾಗ ಯಾರಿಗೆ ಸಲ್ಲಬೇಕು ಎಂದು ಈಗ ಯಾರಾದರೂ ಕೇಳಿದರೆ ನನ್ನ ಉತ್ತರ ಸಣ್ಣದು. ಗಿಡದಿಂದ ಬಾಗಿಲಿಗೆ, ಬಾಗಿಲಿನಿಂದ ಗಿಡಕ್ಕೆ ಹೋಗಿ ಬರಲು ಆಗದವರಿಗೆ. ಅದನ್ನು ಕಣ್ಣಿನಿಂದ ಅಳೆಯಲು ಬರುವುದಿಲ್ಲ. ಕೇಳಬೇಕು, ಹೇಳಿದ್ದನ್ನು ನಂಬಬೇಕು. ಹತ್ತು ಜನರಲ್ಲಿ ಒಬ್ಬ ಸುಳ್ಳು ಹೇಳಿದರೆ ಒಂದು ಸುಳ್ಳು ಗಾಡಿ ನಿಲ್ಲುತ್ತದೆ, ಅಷ್ಟೇ. ನಾನು ನಂಬದೆ ಇದ್ದುದರಿಂದ ಏನಾಯಿತೆಂದು ಹೇಳಿದ್ದೇನೆ. ಹನುಮಂತಪ್ಪನಿಗೂ ಇದನ್ನೇ ಹೇಳಿದೆ. “ಹಂಗಾರ ಎಲ್ಲಾರೂ ತಂದು ಹಚ್ತಾರಣ್ಣಾ” ಎಂದ. ಹಚ್ಚಿದರೆ ನನಗೆ ಹೇಳು ಎಂದಿದ್ದೇನೆ. ಇನ್ನೂ ಹೇಳಿಲ್ಲ.

ಅಂದು ನನ್ನ ತಪಾಸಣೆ ಮುಗಿದು ಹೊರಬಾಗಿಲಿಗೆ ಬಂದರೆ ಅಕ್ಕೋರು ಮೆಟ್ಟಿಲ ಹತ್ತಿರ ಕಂಬ ಹಿಡಿದು ನಿಂತಿದ್ದರು. ನೀಲಿ ಜಾಗದಲ್ಲಿ ಅವರ ಸ್ಕೂಟರ್ ಇತ್ತು.

“ನಿಮ್ಮ ಗಾಡಿ ಎಲ್ಲಿ ಐತ್ರಿ?”

“ಗಿಡದ ಕೆಳಗ್ರಿ.”

“ಬರೂ ಮುಂದ ನಡೀಬಹುದು. ಹೋಗೂ ಮುಂದ ಆಗೂದಿಲ್ಲ” ಎಂದರು. ಅಂದು ನನಗೆ ಹೇಳಿದ್ದ ಅದೇ ಮಾತು. “ನಾ ಸ್ಕೂಟರ್ ತೆಗೀತೇನಿ. ನಿಮ್ಮ ಅಳಿಯಗ ಇಲ್ಲಿ ತಂದು ಹಚ್ಚಾಕ ಹೇಳ್ರಿ.”

ಹನುಮಂತಪ್ಪ ನಡುವೆ ಬಾಯಿ ಹಾಕಿದ. “ಅಕ್ಕೋರ, ಅವ್ರ ಹಂತ್ಯಾಕ ಕಾರ್ಡ್ ಇಲ್ರಿ.”

“ನನ್ನ ಹಂತ್ಯಾಕ ಐತಲ್ಲ. ಈಗಿಂದು ನನ್ನ ಪಾಳಿ ಅವ್ರಿಗೆ ಕೊಟ್ಟೇನಿ.”

ನಾನು ಕೈ ಮುಗಿಯಲು ಹೋದೆ. ಅಕ್ಕೋರು ತಡೆದರು. “ಮರತೇನಿ ಅಂತ ತಿಳೀಬ್ಯಾಡ್ರಿ” ಎಂದರು ಮೆಲ್ಲಗೆ. “ನಮ್ಮವ್ವಗ ಏನು ಹೇಳಬೇಕೋ ಇನ್ನಾ ಗೊತ್ತಿಲ್ಲ ನನಗ.”

ಕಂಬ ಬಿಟ್ಟು ಅವರು ಹೊರಟರು. ಹನ್ನೊಂದು ಹೆಜ್ಜೆ. ಏಳನೆಯದಕ್ಕೆ ಕಾಲು ಸ್ವಲ್ಪ ತಡವರಿಸಿತು, ನೀಲವ್ವ ಓಡಿಹೋಗಿ ತೋಳು ಹಿಡಿದಳು. ಸ್ಕೂಟರ್ ಹತ್ತಿದರು, ಹೆಲ್ಮೆಟ್ ಹಾಕಿಕೊಂಡರು, ಹಿಂದಿರುಗಿ ನೋಡಲಿಲ್ಲ. ಮಂಜಪ್ಪ ಗಾಡಿ ತಂದು ಹಾರ್ನ್ ಹೊಡೆಯುತ್ತಿದ್ದ, ಎಲೆಯ ವಾಸನೆ ಬಂತು, ನೀಲವ್ವ ಕರೆಯುತ್ತಿದ್ದಳು. ನಾನು ಮೆಟ್ಟಿಲ ಮೇಲೆಯೇ ನಿಂತಿದ್ದೆ. ಅಕ್ಕೋರ ಸ್ಕೂಟರ್ ಗೇಟು ದಾಟಿ, ರಸ್ತೆ ಸೇರಿ, ಕಾಣದಾಗುವವರೆಗೆ ಮುಖ ತಿರುಗಿಸಲಿಲ್ಲ.